ಕಿಟಕಿಯ ಅಳತೆಗೆ ಪುಟ



ದೂರದರ್ಶನದಲ್ಲಿ ಕೆಲಸ ಮಾಡುವ ನಮಗೆ ಒಂದು ಸೌಕರ್ಯವಿದೆ. ನಮ್ಮ ಚೌಕಟ್ಟಿನ ಪ್ರಮಾಣ ನಮಗೆ ಮೊದಲೇ ಗೊತ್ತಿರುತ್ತದೆ. ಹಿಂದೆ ಅದು ಅಗಲ ನಾಲ್ಕಾದರೆ ಎತ್ತರ ಮೂರು. ಈಗ ಹದಿನಾರಕ್ಕೆ ಒಂಬತ್ತು. ಹಳೆಯ ಗಾಜಿನ ಕೊಳವೆಯ ಟಿ.ವಿ.ಗಳು ಚಿತ್ರದ ಅಂಚನ್ನು ತುಸು ನುಂಗಿಬಿಡುತ್ತಿದ್ದವು. ಆದ್ದರಿಂದ ಹೆಸರು, ಶೀರ್ಷಿಕೆಗಳನ್ನು ಪರದೆಯ ನಡುವಿನ ಸುಮಾರು ಶೇಕಡಾ 80 ಭಾಗದೊಳಗೇ ಇಡಬೇಕೆಂಬ ಕಟ್ಟುಪಾಡು ಇತ್ತು. ಅಷ್ಟು ಎಚ್ಚರ ವಹಿಸಿದರೆ ಬೀದರಿನ ಮನೆಯಲ್ಲೂ ಮಡಿಕೇರಿಯ ಮನೆಯಲ್ಲೂ ಅಕ್ಷರಗಳು ಪೂರ್ತಿ ಕಾಣುತ್ತಿದ್ದವು.

ಜಾಲಪುಟ ಕಟ್ಟುವವರಿಗೆ ಈ ಭಾಗ್ಯವಿಲ್ಲ. ಅಲ್ಲಿ ಚೌಕಟ್ಟು ಇರುವುದು ನೋಡುವವರ ಕೈಯಲ್ಲಿ. ಅವರು ಬ್ರೌಸರಿನ ಕಿಟಕಿಯನ್ನು ಎಳೆದು ಹಿಗ್ಗಿಸುತ್ತಾರೆ, ಕುಗ್ಗಿಸಿ ಒಂದು ಮೂಲೆಗೆ ಒತ್ತುತ್ತಾರೆ, ಫೋನನ್ನು ಅಡ್ಡ ತಿರುಗಿಸುತ್ತಾರೆ. ಪುಟ ಇದಕ್ಕೆಲ್ಲ ತಕ್ಕಂತೆ ಹೊಂದಿಕೊಳ್ಳಬೇಕು.

ಒಂದು ಕಾಲೇಜಿನ ಪ್ರವೇಶ ಪುಟವನ್ನು ಕಲ್ಪಿಸಿಕೊಳ್ಳಿ. ಮೊದಲು ಪರದೆ ತುಂಬ ಕಟ್ಟಡದ ಚಿತ್ರ. ಕೆಳಗೆ ಸರಿಸಿದರೆ ಮತ್ತೆ ಪರದೆ ತುಂಬ ಕೋರ್ಸುಗಳ ವಿವರ. ಮೂರನೆಯ ಭಾಗದ ತಳದಲ್ಲಿ ಅರ್ಜಿ ಸಲ್ಲಿಸುವ ಗುಂಡಿ. ಪ್ರತಿಯೊಂದು ಭಾಗವೂ ಕಿಟಕಿಯಷ್ಟೇ ಎತ್ತರ ಇರಬೇಕೆಂಬುದು ಕಟ್ಟಿದವರ ಆಸೆ.

'ಎತ್ತರ ಶೇಕಡಾ 100' ಎಂದು ಬರೆದರೆ ಮುಗಿಯಿತಲ್ಲ ಎನ್ನುತ್ತೀರಿ. ಮುಗಿಯುವುದಿಲ್ಲ. ಯಾವುದರ ಶೇಕಡಾ 100? ತನ್ನನ್ನು ಒಳಗೊಂಡಿರುವ ಹೊರಗಿನ ಪೆಟ್ಟಿಗೆಯದು. ಆ ಹೊರ ಪೆಟ್ಟಿಗೆಯ ಎತ್ತರವನ್ನು ಯಾರೂ ಹೇಳಿರದಿದ್ದರೆ ಅದು ಒಳಗಿನ ವಸ್ತುಗಳಿಗೆ ತಕ್ಕಷ್ಟಿರುತ್ತದೆ. ತಂದೆಯನ್ನು ಕೇಳಿದರೆ 'ಮಗನಷ್ಟು' ಎನ್ನುತ್ತಾನೆ, ಮಗನನ್ನು ಕೇಳಿದರೆ 'ತಂದೆಯಷ್ಟು' ಎನ್ನುತ್ತಾನೆ! ಬ್ರೌಸರು ಈ ಶೇಕಡಾ ಲೆಕ್ಕವನ್ನೇ ಕೈಬಿಡುತ್ತದೆ.

ಹಾಗಾಗಿ ಬಹಳ ಕಾಲ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಒಂದು ಪುಟ್ಟ ಪ್ರೋಗ್ರಾಮು ಬರೆಯುವುದು ರೂಢಿಯಾಗಿತ್ತು. ಪುಟ ತೆರೆದೊಡನೆ ಅದು ಕಿಟಕಿಯನ್ನು ಅಳೆದು, ಪ್ರತಿ ಭಾಗಕ್ಕೂ '800 ಪಿಕ್ಸೆಲ್' ಎಂದು ಮೊಳೆ ಹೊಡೆಯುತ್ತಿತ್ತು. ಕಿಟಕಿ ಬದಲಾದಾಗಲೆಲ್ಲ ಮತ್ತೆ ಅಳೆಯಬೇಕು. ಮೂಲೆ ಹಿಡಿದು ಎಳೆಯುತ್ತಿರುವಾಗ ಈ ಬದಲಾವಣೆಯ ಸೂಚನೆ ಒಂದೇ ಸೆಕೆಂಡಿನಲ್ಲಿ ಹತ್ತಾರು ಸಲ ಬರಬಹುದು. ನಮ್ಮ ದೂರದರ್ಶನದಲ್ಲಿ ಸೆಕೆಂಡಿಗೆ 25 ಚಿತ್ರಗಳು, ಅಂದರೆ ಒಂದಕ್ಕೆ 40 ಮಿಲಿಸೆಕೆಂಡು ಕಾಲಾವಕಾಶ. ಸೆಕೆಂಡಿಗೆ 60 ಚಿತ್ರ ತೋರಿಸುವ ಕಂಪ್ಯೂಟರ್ ಪರದೆಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡು ಮಾತ್ರ. ಅಷ್ಟರಲ್ಲಿ ಅಳತೆ, ಲೆಕ್ಕ, ಮರುಜೋಡಣೆ, ಚಿತ್ರಣ ಎಲ್ಲ ಮುಗಿಯದಿದ್ದರೆ ಪುಟ ತಡವರಿಸುತ್ತದೆ. ಎಳೆಯುವುದು ನಿಂತ ಮೇಲೆ ಒಂದೇ ಸಲ ಲೆಕ್ಕ ಹಾಕುವ ಉಪಾಯವೂ ಉಂಟು. ಆಗ ತಡವರಿಕೆ ಹೋಗುತ್ತದೆ, ಆದರೆ ಕೊನೆಯಲ್ಲಿ ಪುಟ ಒಮ್ಮೆಲೇ ಜಿಗಿಯುತ್ತದೆ.

ಇದಕ್ಕಿಂತ ಸೊಗಸಾದ ದಾರಿ ಎಂದರೆ ಅಳೆಯುವ ಕೆಲಸವನ್ನು ಬ್ರೌಸರಿಗೇ ಬಿಡುವುದು. ಪುಟದ ಅಲಂಕಾರವನ್ನು ವಿವರಿಸುವ ಸಿ.ಎಸ್.ಎಸ್. ಭಾಷೆಯನ್ನು ಹೋಕನ್ ವಿಯಂ ಲೀ ಅವರು ಮೊದಲು ಪ್ರಸ್ತಾಪಿಸಿದ್ದು 1994ರಲ್ಲಿ. ಅನಂತರ ಆ ಭಾಷೆಗೆ 'ವಿ.ಎಚ್.' ಎಂಬ ಮಾನ ಸೇರಿತು. ಒಂದು ವಿ.ಎಚ್. ಎಂದರೆ ಪುಟ ಕಾಣುವ ಕಿಟಕಿಯ ಎತ್ತರದ ನೂರನೆಯ ಒಂದು ಭಾಗ. '100 ವಿ.ಎಚ್.' ಎಂದು ಬರೆದರೆ ಕಿಟಕಿ 800 ಇದ್ದಾಗ ಭಾಗವೂ 800, 500 ಆದಾಗ 500. ಅಳೆಯುವ ಪ್ರೋಗ್ರಾಮು ಬೇಕಿಲ್ಲ.

ಇಲ್ಲಿ ಒಂದು ಪದದ ವ್ಯತ್ಯಾಸವನ್ನು ಗಮನಿಸಬೇಕು. 'ಎತ್ತರ ಇಷ್ಟೇ' ಎನ್ನುವುದು ಬೇರೆ, 'ಕನಿಷ್ಠ ಎತ್ತರ ಇಷ್ಟು' ಎನ್ನುವುದು ಬೇರೆ. ನೆಟ್ಟಗೆ ಹಿಡಿದಾಗ 800 ಪಿಕ್ಸೆಲ್ ಎತ್ತರವಿದ್ದ ಫೋನಿನ ಪರದೆ ಅಡ್ಡ ತಿರುಗಿಸಿದಾಗ 360 ಆಯಿತೆನ್ನಿ. ಭಾಗದ ಒಳಗಿನ ಬರಹಕ್ಕೆ 600 ಬೇಕು. 'ಇಷ್ಟೇ' ಎಂದು ಬರೆದಿದ್ದರೆ ಉಳಿದ 240 ಪಿಕ್ಸೆಲ್ ಬರಹ ಮುಂದಿನ ಭಾಗದ ಮೇಲೆ ಚೆಲ್ಲುತ್ತದೆ. ಉಕ್ಕಿದ್ದನ್ನು ಮರೆಮಾಡು ಎಂದೂ ಬರೆದಿದ್ದರೆ ಅರ್ಜಿಯ ಗುಂಡಿಯೇ ಮಾಯ. ಕಾಲೇಜಿಗೆ ಸೇರಬೇಕಾದ ವಿದ್ಯಾರ್ಥಿಗೆ ಅರ್ಜಿ ಎಲ್ಲಿದೆ ಎಂದೇ ತಿಳಿಯುವುದಿಲ್ಲ. 'ಕನಿಷ್ಠ' ಎಂದಿದ್ದರೆ ಭಾಗ ತಾನೇ 600ಕ್ಕೆ ಬೆಳೆಯುತ್ತದೆ.

ಕನ್ನಡದ ಪುಟಗಳಿಗೆ ಇದು ಇನ್ನೂ ಮುಖ್ಯ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುತ್ತವೆ. 'ಶಾಸ್ತ್ರ', 'ರಾಷ್ಟ್ರ' ಎಂಬಲ್ಲಿ ಒಂದು ಅಕ್ಷರಕ್ಕೆ ಎರಡು ಒತ್ತು. ಸಾಲುಗಳ ನಡುವೆ ಹೆಚ್ಚು ಜಾಗ ಬೇಕಾಗುತ್ತದೆ. ಇಂಗ್ಲಿಷ್ ಬರಹಕ್ಕೆ ಸರಿಹೋದ ಪೆಟ್ಟಿಗೆಯಲ್ಲಿ ಕನ್ನಡ ಹಿಡಿಸದಿರುವುದು ಆಶ್ಚರ್ಯವಲ್ಲ. ಕಣ್ಣು ಮಂಜಾದ ಹಿರಿಯರು ಅಕ್ಷರವನ್ನು ದೊಡ್ಡದು ಮಾಡಿಕೊಂಡರಂತೂ ಹೇಳುವುದೇ ಬೇಡ.

ಫೋನುಗಳಲ್ಲಿ ಮತ್ತೊಂದು ತೊಡಕು ಕಂಡುಬಂತು. ವಿಳಾಸದ ಪಟ್ಟಿ ಅಲ್ಲಿ ಪುಟ ಸರಿಸಿದಂತೆ ಅಡಗುತ್ತದೆ, ಮತ್ತೆ ಇಣುಕುತ್ತದೆ. ಹಾಗಾದರೆ ಕಿಟಕಿಯ ಎತ್ತರ ಎಂದರೆ ಯಾವುದು? ಪಟ್ಟಿ ಅಡಗಿದಾಗಿನ ದೊಡ್ಡ ಎತ್ತರವನ್ನೇ ಮುಖ್ಯ ಬ್ರೌಸರುಗಳು ಹಿಡಿದವು. ಪ್ರತಿ ಸಲ ಎತ್ತರ ಬದಲಾದರೆ ಓದುತ್ತಿರುವ ಬರಹ ಕುಣಿಯುತ್ತದೆಯಲ್ಲ! ಆದರೆ ಇದರಿಂದ ಪುಟ ತೆರೆದ ಕೂಡಲೇ ಭಾಗದ ತಳದ ಒಂದಿಷ್ಟು ತುಣುಕು ಪರದೆಯ ಆಚೆಗೆ ಉಳಿಯುವಂತಾಯಿತು. 2022ರಲ್ಲಿ ಪ್ರಮುಖ ಬ್ರೌಸರುಗಳು ಮೂರು ಹೊಸ ಮಾನಗಳನ್ನು ಅಳವಡಿಸಿಕೊಂಡವು. 'ಎಸ್.ವಿ.ಎಚ್.' ಪಟ್ಟಿ ಇರುವಾಗಿನ ಚಿಕ್ಕ ಎತ್ತರವನ್ನು ಆಧರಿಸಿದೆ, 'ಎಲ್.ವಿ.ಎಚ್.' ದೊಡ್ಡ ಎತ್ತರವನ್ನು. 'ಡಿ.ವಿ.ಎಚ್.' ಆ ಕ್ಷಣದ ಎತ್ತರಕ್ಕೆ ತಕ್ಕಂತೆ ಬದಲಾಗುತ್ತದೆ. ಕೊನೆಯದೇ ಎಲ್ಲಕ್ಕಿಂತ ಜಾಣ ಎನಿಸಬಹುದು. ನನಗೆ ಮಾತ್ರ ಮೊದಲನೆಯದೇ ಮೆಚ್ಚು. ಅದು ಅಲುಗಾಡುವುದಿಲ್ಲ, ತಳದ ಗುಂಡಿಯನ್ನು ಬಚ್ಚಿಡುವುದೂ ಇಲ್ಲ. ಹಳೆಯ ಫೋನುಗಳಿಗಾಗಿ ಮೊದಲ ಸಾಲಿನಲ್ಲಿ '100 ವಿ.ಎಚ್.' ಎಂದೂ ಅದರ ಕೆಳಗೆ '100 ಎಸ್.ವಿ.ಎಚ್.' ಎಂದೂ ಬರೆದರಾಯಿತು. ಎರಡನೆಯ ಸಾಲು ಅರ್ಥವಾಗದ ಬ್ರೌಸರು ಅದನ್ನು ಬಿಟ್ಟು ಮೊದಲನೆಯದನ್ನೇ ಪಾಲಿಸುತ್ತದೆ.

ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಇದನ್ನು ಪರೀಕ್ಷಿಸಿ ನೋಡಬಹುದು. ಮೂರು ಭಾಗಗಳ ಒಂದು ಪುಟ ಮಾಡಿ, ಒಂದರಲ್ಲಿ ನಿಮ್ಮ ಕನ್ನಡ ಪಠ್ಯದ ಪುಟವೊಂದನ್ನು ಪೂರ್ತಿ ಬೆರಳಚ್ಚಿಸಿ. ಮೊದಲು 'ಎತ್ತರ', ಆಮೇಲೆ 'ಕನಿಷ್ಠ ಎತ್ತರ' ಕೊಟ್ಟು, ಎರಡು ಸಲವೂ ಕಿಟಕಿಯನ್ನು ನಿಧಾನವಾಗಿ ಕುಗ್ಗಿಸುತ್ತ ಹೋಗಿ. ಕೊನೆಯ ಸಾಲು ಎಲ್ಲಿ ನಿಲ್ಲುತ್ತದೆಂದು ನೋಡಿ.