ಮಣ್ಣಿನ ಗೋಡೆಗೆ ಸಿಮೆಂಟಿನ ಅಂಗಿ

(ಮಳೆಗಾಲಕ್ಕೆ ಮುನ್ನ ನಡೆದ ಗ್ರಾಮಸ್ಥರ ಮತ್ತು ವಿದ್ಯಾರ್ಥಿಗಳ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಕೃಷಿ ವಿಜ್ಞಾನಿಯೊಬ್ಬ ಮನೆಯ ಗೋಡೆಯ ಬಗೆಗೆ ಮಾತನಾಡುವುದು ಅಧಿಕಪ್ರಸಂಗವೆಂದು ತಮಗೆ ತೋರಬಹುದು. ಆದರೆ ನನ್ನ ಅಧ್ಯಯನದ ವಿಷಯ ಮಣ್ಣು ಮತ್ತು ಮಣ್ಣಿನೊಳಗಿನ ನೀರು. ನಮ್ಮ ಮಲೆನಾಡಿನ ಹಳೆಯ ಮನೆಗಳ ಗೋಡೆಗಳೂ ಮಣ್ಣೇ. ತೋಟದ ಮಣ್ಣಿನಲ್ಲಿ ನೀರು ಯಾವ ನಿಯಮದಂತೆ ಚಲಿಸುತ್ತದೆಯೋ ಗೋಡೆಯ ಮಣ್ಣಿನಲ್ಲೂ ಅದೇ ನಿಯಮದಂತೆ ಚಲಿಸುತ್ತದೆ. ಈ ಮಾತು ನನಗೆ ಮನವರಿಕೆಯಾದದ್ದು ಪುಸ್ತಕದಿಂದಲ್ಲ, ಸ್ವಂತ ಮನೆಯಿಂದ.

ನಮ್ಮ ಅಜ್ಜ ಕಟ್ಟಿಸಿದ ಮನೆಯ ಗೋಡೆಗಳು ಒಂದೂವರೆ ಅಡಿ ದಪ್ಪದ ಮಣ್ಣಿನವು. ಪ್ರತಿವರ್ಷ ಮಳೆ ಮುಗಿದ ಮೇಲೆ ಅಮ್ಮ ಅವಕ್ಕೆ ಕೆಮ್ಮಣ್ಣು ಸಾರಿಸುತ್ತಿದ್ದರು. ಮಳೆಗಾಲಕ್ಕೆ ಮೊದಲು ಗಾಳಿಮಳೆ ಬಡಿಯುವ ದಿಕ್ಕಿಗೆ ಅಪ್ಪ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. 1998ರಲ್ಲಿ, ವರ್ಷವರ್ಷದ ಈ ಕೆಲಸ ತಪ್ಪಲೆಂದು, ಹೊರಗೋಡೆಗಳಿಗೆಲ್ಲ ಸಿಮೆಂಟಿನ ಗಿಲಾವು ಮಾಡಿಸಿದೆವು. ಊರಿನಲ್ಲಿ ಎಲ್ಲರೂ ಮೆಚ್ಚಿದರು. ತಟ್ಟಿ ಕಟ್ಟುವುದು ನಿಂತಿತು. 2007ರ ಆಷಾಢದ ಒಂದು ರಾತ್ರಿ ಪಡುವಣ ಗೋಡೆಯ ಕೆಳಭಾಗ ಸದ್ದಿಲ್ಲದೆ ಕುಸಿಯಿತು. ಯಾರಿಗೂ ಅಪಾಯವಾಗಲಿಲ್ಲ. ಬೆಳಗ್ಗೆ ನೋಡಿದರೆ ಸಿಮೆಂಟಿನ ಹಾಳೆ ಇನ್ನೂ ಗಟ್ಟಿಯಾಗಿಯೇ ಇತ್ತು. ಅದರ ಹಿಂದಿನ ಗೋಡೆ ಮಾತ್ರ ನಾಟಿ ಗದ್ದೆಯ ಕೆಸರಿನಂತಾಗಿತ್ತು. ‘ತಟ್ಟಿ ಬಿಚ್ಚಿದ್ದು ನಾವೇ ಅಲ್ಲವೆ’ ಎಂದು ಅಪ್ಪ ಅಂದದ್ದು ಈಗಲೂ ಕಿವಿಯಲ್ಲಿದೆ.

ಹೀಗೇಕಾಯಿತು? ಮಣ್ಣಿನಲ್ಲಿ ಕೂದಲೆಳೆಗಿಂತ ಸಣ್ಣ ರಂಧ್ರಗಳಿವೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಅವು ನೆಲದ ತೇವವನ್ನು ಗೋಡೆಯೊಳಗೆ ಮೇಲಕ್ಕೆಳೆಯುತ್ತವೆ. ಜೇಡಿಯ ಅಂಶ ಹೆಚ್ಚಿದ್ದಷ್ಟೂ ಈ ಏರಿಕೆ ಹೆಚ್ಚು. ಕೆಮ್ಮಣ್ಣಿನ ಸಾರಣೆಯ ಮೂಲಕ ಈ ತೇವ ಆವಿಯಾಗಿ ಹೊರಹೋಗುತ್ತಿತ್ತು. ಹೀರಿದ್ದನ್ನು ಗೋಡೆ ಬಿಟ್ಟುಕೊಡುತ್ತಿತ್ತು. ದಪ್ಪನೆಯ ಸಿಮೆಂಟ್ ಗಿಲಾವು ಈ ದಾರಿಯನ್ನು ಬಹುಮಟ್ಟಿಗೆ ಮುಚ್ಚುತ್ತದೆ. ಅಲ್ಲದೆ ಮಣ್ಣು ನೆನೆದಾಗ ಹಿಗ್ಗಿ ಒಣಗಿದಾಗ ಕುಗ್ಗುತ್ತದೆ. ಗಡುಸಾದ ಸಿಮೆಂಟ್ ಅದರೊಡನೆ ಬಾಗಲಾರದೆ ಬಿರುಕು ಬಿಡುತ್ತದೆ. ಗಾಳಿಮಳೆಯ ನೀರು ಬಿರುಕಿನಿಂದ ಸುಲಭವಾಗಿ ಒಳಗೆ ಹೋಗುತ್ತದೆ, ಆದರೆ ಹೊರಬರುವುದಿಲ್ಲ. ನೆನೆದ ಮಣ್ಣು ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ತೇವವಿದ್ದಲ್ಲಿಗೆ ಗೆದ್ದಲೂ ಬರುತ್ತದೆ.

ಇದು ನಮ್ಮೂರಿನ ಅನುಭವ ಮಾತ್ರವಲ್ಲ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ರಾಂಚೋಸ್ ದೆ ಟಾವೋಸ್ ಎಂಬ ಊರಿದೆ. ಅಲ್ಲಿ ಹಸಿ ಇಟ್ಟಿಗೆಯಿಂದ ಕಟ್ಟಿದ ಸುಮಾರು ಇನ್ನೂರು ವರ್ಷ ಹಳೆಯ ಚರ್ಚು ಇದೆ. ಊರವರು ಅದಕ್ಕೆ ಮಣ್ಣನ್ನೇ ಸಾರಿಸುತ್ತಿದ್ದರು. 1967ರಲ್ಲಿ ಅದಕ್ಕೆ ಸಿಮೆಂಟಿನ ಗಿಲಾವು ಹಾಕಲಾಯಿತು. ಹನ್ನೆರಡು ವರ್ಷಗಳೊಳಗೆ ಒಳಗಿನ ಇಟ್ಟಿಗೆ ತೇವದಿಂದ ಶಿಥಿಲವಾದುದು ಕಂಡುಬಂದು, 1979ರಲ್ಲಿ ಅದನ್ನು ಕಿತ್ತು ಮತ್ತೆ ಮಣ್ಣಿಗೇ ಮರಳಿದರು. ಈಗ ವರ್ಷಕ್ಕೊಮ್ಮೆ ಊರಿನವರೆಲ್ಲ ಸೇರಿ ಸಾರಣೆ ಮಾಡುತ್ತಾರೆ. ಅಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 300 ಮಿಲಿಮೀಟರ್. ನಮ್ಮ ಆಗುಂಬೆಯಲ್ಲಿ ಬೀಳುವುದು ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು. ಅಂಥ ಒಣನೆಲದಲ್ಲೇ ಹೀಗಾದರೆ ನಮ್ಮ ಪಾಡೇನೆಂಬುದನ್ನು ತಾವೇ ಊಹಿಸಬಹುದು.

ಹಾಗೆಂದು ಸಿಮೆಂಟಿನ ಗಿಲಾವೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದಕ್ಕೂ ಒಂದು ಪರಂಪರೆಯಿದೆ. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬಾತ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಅದಕ್ಕೆ ಮೊದಲು ಹೊರಗೋಡೆಯ ಗಾರೆಯೆಂದರೆ ಬಹುತೇಕ ಸುಣ್ಣದ್ದೇ. ಆಮೇಲೆ ಸಿಮೆಂಟ್ ಗಾರೆಯಲ್ಲಿಯೂ ಮೂರು ಪದರಗಳ ಪದ್ಧತಿ ನೆಲೆಗೊಂಡಿತು: ಮೊದಲ ಪದರವನ್ನು ಬಳಿದು ಹಸಿಯಾಗಿರುವಾಗಲೇ ಗೀರುಹಾಕುವುದು, ಗೀರುಗಳನ್ನು ಹಿಡಿದುಕೊಳ್ಳುವಂತೆ ಎರಡನೆಯ ಪದರವನ್ನು ಕೊಟ್ಟು ಮಟ್ಟಮಾಡುವುದು, ಕೊನೆಗೆ ತೆಳುವಾದ ಮೇಲ್ಪದರ. ಪ್ರತಿ ಪದರವೂ ಕೆಲವು ದಿನ ತೇವದಲ್ಲೇ ಗಟ್ಟಿಯಾಗಬೇಕು. ಸುಟ್ಟ ಇಟ್ಟಿಗೆ, ಕಾಂಕ್ರೀಟ್ ಇಟ್ಟಿಗೆಗಳ ಮೇಲೆ ಹೀಗೆ ಮಾಡಿದ ಕೆಲಸ ದಶಕಗಳ ಕಾಲ ಬಾಳುತ್ತದೆ. ಇಂದು ನಮ್ಮಲ್ಲಿ ಒಂದೇ ದಿನದಲ್ಲಿ ಬಳಿದು, ಎರಡು ದಿನ ನೀರು ಚಿಮುಕಿಸಿ ಕೈತೊಳೆದುಕೊಳ್ಳುತ್ತಾರೆ. ಆಮೇಲೆ ದೋಷವನ್ನು ಸಿಮೆಂಟಿನ ಮೇಲೆ ಹೊರಿಸುತ್ತೇವೆ.

ಇನ್ನು ಪರಿಸರದ ಲೆಕ್ಕ. ನೂರು ಚದರ ಮೀಟರ್ ಗೋಡೆಗೆ 20 ಮಿಲಿಮೀಟರ್ ದಪ್ಪದಲ್ಲಿ, ಒಂದಕ್ಕೆ ಆರರ ಮಿಶ್ರಣದ ಗಿಲಾವಿಗೆ ಸುಮಾರು ಹನ್ನೊಂದು ಚೀಲ ಸಿಮೆಂಟ್ ಮತ್ತು ಎರಡು ಘನಮೀಟರಿಗೂ ಮಿಕ್ಕಿದ ಮರಳು ಬೇಕು. ಆ ಮರಳು ಹೊಳೆಯ ಒಡಲಿನಿಂದ ಬರಬೇಕು, ಇಲ್ಲವೆ ಗುಡ್ಡದ ಕಲ್ಲನ್ನು ಪುಡಿಮಾಡಿ ತರಬೇಕು. ಸಿಮೆಂಟಿನ ಕುಲುಮೆಗೆ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖ ಬೇಕಾದರೆ ಸುಣ್ಣದ ಭಟ್ಟಿಗೆ ಸುಮಾರು 900 ಡಿಗ್ರಿ ಸಾಕು. ಸುಣ್ಣ ಸುಡುವಾಗಲೂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ನಿಜ. ಆದರೆ ಗೋಡೆಯ ಮೇಲೆ ಗಟ್ಟಿಯಾಗುತ್ತ ಸುಣ್ಣವು ಕಲ್ಲಿನಿಂದ ಬಿಟ್ಟುಹೋದ ಆ ಅನಿಲದ ಬಹುಭಾಗವನ್ನು ಗಾಳಿಯಿಂದ ಮರಳಿ ಹೀರಿಕೊಳ್ಳುತ್ತದೆ. ಬೇಡದ ಗೋಡೆಗೆ ಸಿಮೆಂಟ್ ಬಳಿದು, ಆ ಗೋಡೆ ಕುಸಿದ ಮೇಲೆ ಹೊಸ ಮನೆಗಾಗಿ ಮತ್ತೆ ಹೊಳೆಗೂ ಗುಡ್ಡಕ್ಕೂ ಕೈಹಾಕುವುದು ಎರಡು ಬಾರಿ ಮಾಡಿದ ನಷ್ಟ.

ಹಾಗಾದರೆ ನಾವೇನು ಮಾಡಬೇಕು? ಗೋಡೆಯ ಜಾತಿಯನ್ನರಿತು ಗಾರೆಯನ್ನು ಆರಿಸಬೇಕು. ಮಣ್ಣಿನ ಗೋಡೆಗೆ ಮಣ್ಣು ಅಥವಾ ಸುಣ್ಣದ ಸಾರಣೆ. ಕೆಂಪು ಚಿರೆಕಲ್ಲಿನ ಗೋಡೆಗೆ ಸುಣ್ಣದ ಗಾರೆ ಒಳ್ಳೆಯದು. ಕಲ್ಲು ಗಟ್ಟಿಯಾಗಿದ್ದರೆ ಗಾರೆಯಿಲ್ಲದೆಯೂ ಇರಬಲ್ಲದು. ಸುಟ್ಟ ಇಟ್ಟಿಗೆಗೆ ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಮರಳಿನ ಮಿಶ್ರಣ ಬಳಸಬಹುದು; ಸುಣ್ಣ ಸೇರಿದ ಗಾರೆ ಬರಿ ಸಿಮೆಂಟಿನದರಷ್ಟು ಗಡುಸಾಗದೆ ಬಿರುಕು ಕಡಿಮೆ ಬಿಡುತ್ತದೆ. ಒಳಪದರ ಮೃದು, ಹೊರಪದರ ಗಡಸು ಎಂದಾಗಬಾರದು. ಹೊಸದಾಗಿ ಕಟ್ಟುವವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಬೆಳೆಸಿದ, ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಗಳನ್ನು ಪರಿಶೀಲಿಸಬಹುದು. ಸೂರು ಅಗಲವಾಗಿದ್ದರೆ ಅವಕ್ಕೆ ಗಾರೆಯೇ ಬೇಡ.

ಎಲ್ಲಕ್ಕಿಂತ ಮೊದಲು ಸೂರು ಮತ್ತು ಅಡಿಪಾಯ. ಗೋಡೆಯಿಂದ ಮೂರು ಅಡಿ ಮುಂದೆ ಚಾಚಿದ ಮಾಡು, ನೆಲದಿಂದ ಎರಡು ಅಡಿ ಎತ್ತರದ ಕಲ್ಲಿನ ಅಡಿಪಾಯ, ಸೂರಿನ ನೀರನ್ನು ದೂರ ಒಯ್ಯುವ ಕಾಲುವೆ, ಈ ಮೂರು ಕಾಯುವಷ್ಟು ಮನೆಯನ್ನು ಯಾವ ಗಾರೆಯೂ ಕಾಯದು. ನಮ್ಮ ಹಿರಿಯರಿಗೆ ಇದು ತಿಳಿದಿತ್ತು.

ಈಗಾಗಲೇ ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಸಿದವರು ಗಾಬರಿಯಾಗಬೇಕಿಲ್ಲ. ಮಳೆಗೆ ಮೊದಲು ಹೊರಗೋಡೆಯನ್ನು ಬೆರಳ ಗಂಟಿನಿಂದ ತಟ್ಟುತ್ತ ಬನ್ನಿ. ಟೊಳ್ಳು ಸದ್ದು ಬಂದಲ್ಲಿ ಗಾರೆ ಗೋಡೆಯನ್ನು ಬಿಟ್ಟಿದೆ. ಅಲ್ಲಿ, ಮುಖ್ಯವಾಗಿ ನೆಲದ ಹತ್ತಿರ, ಅಂಗೈಯಗಲ ತೆರೆದು ನೋಡಿ. ಮಣ್ಣು ಕೈಗೆ ಮೆತ್ತಗೆ ಹತ್ತಿದರೆ ಆ ಕೋಣೆಯಲ್ಲಿ, ಆ ಗೋಡೆಯ ಪಕ್ಕದಲ್ಲಿ ಈ ಮಳೆಗಾಲದಲ್ಲಿ ಯಾರೂ ಮಲಗಬೇಡಿ. ಮಾಡಿಗೆ ಊರೆ ಕೊಡಿಸಿ. ಮಳೆ ಕಳೆದ ಮೇಲೆ, ಅನುಭವಿಯಾದ ಗಾರೆ ಕೆಲಸದವರನ್ನು ಕರೆಸಿ, ಸ್ವಲ್ಪಸ್ವಲ್ಪವಾಗಿ ಸಿಮೆಂಟ್ ತೆಗೆಸಿ ಗೋಡೆಯನ್ನು ನಿಧಾನವಾಗಿ ಒಣಗಗೊಡಿ. ಕೊಚ್ಚಿಹೋದ ಭಾಗವನ್ನು ಮಣ್ಣಿನಿಂದಲೇ ತುಂಬಿಸಿ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ನಿಮ್ಮ ಊರಿನಲ್ಲಿ ಸುಣ್ಣದ ಗಾರೆ ಅರೆಯಲು, ಮಣ್ಣಿನ ಗೋಡೆ ಇಡಲು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಈ ರಜೆಯಲ್ಲಿ ಅವರ ಬಳಿ ಕುಳಿತು ಅಳತೆ, ಹದ, ದಿನಗಳ ಲೆಕ್ಕ ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ನಮ್ಮ ಮನೆಯ ಪಡುವಣ ಗೋಡೆಯನ್ನು ಮರಳಿ ಮಣ್ಣಿನಲ್ಲೇ ಕಟ್ಟಿಕೊಟ್ಟವರು ಅಂಥ ಒಬ್ಬ ಹಿರಿಯರು. ಅವರು ಈಗ ಇಲ್ಲ, ಗೋಡೆ ಇದೆ. ಅದಕ್ಕೆ ನಾವು ಮತ್ತೆ ತಟ್ಟಿ ಕಟ್ಟುತ್ತಿದ್ದೇವೆ.