ಸಕ್ಕರೆ ‘ಮತ್ತೆ’ ಹಾಕು ಅಂದ್ರೆ ಯಾವಾಗ?

ಇವತ್ತಿನ ಮಾತು ಮನೇಲಿ ಬಿಯರ್ ಮಾಡೋದರ ಬಗ್ಗೆ. ಶುರು ಮಾಡೋ ಮುಂಚೆ ಒಂದು ವಿಷಯ. ನಾನಿರೋದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಇಲ್ಲಿ 1963ರಿಂದ ಮನೆ ಬಳಕೆಗೆ ಬಿಯರ್ ಮಾಡ್ಕೊಳ್ಳೋಕೆ ಲೈಸೆನ್ಸೂ ಬೇಡ, ತೆರಿಗೆಯೂ ಇಲ್ಲ. ಮಾರೋ ಹಾಗಿಲ್ಲ ಅಷ್ಟೆ. ನಮ್ಮೂರಲ್ಲಿ ಹಾಗಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ. ಹಾಗಾಗಿ ಇದನ್ನ ಕೇಳಿ ಬೆಂಗಳೂರಿನ ಪಿಜಿ ರೂಮಲ್ಲಿ ಬಕೆಟ್ ಇಡೋಕೆ ಹೋಗ್ಬೇಡಿ, ದಯವಿಟ್ಟು.

ನಾವು ಮೂರು ಜನ ಒಂದೇ ಮನೇಲಿ ಇದೀವಿ. ನಾನು ಮಂಡ್ಯದವನು, ಒಬ್ಬ ಹುಬ್ಬಳ್ಳಿಯವನು, ಇನ್ನೊಬ್ಬ ಪುತ್ತೂರಿನವನು. ಪುತ್ತೂರಿನವನು ಇದಕ್ಕೆ ಮುಂಚೆ ಎರಡು ಸಲ ಮಾಡಿದ್ದ, ಹಾಗಾಗಿ ಅವನೇ ಮೇಸ್ತ್ರಿ. ನಾನು ಪೂರ್ತಿ ಹೊಸಬ.

ಹೊಸಬನಿಗೆ ಮೊದಲು ಅರ್ಥವಾಗಿದ್ದು ಏನಂದ್ರೆ, ಇದರಲ್ಲಿ ಅರ್ಧ ಕೆಲಸ ಪಾತ್ರೆ ತೊಳೆಯೋದೇ. ಮಾಲ್ಟ್ ಅಂದ್ರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ; ನಮ್ಮ ಮೊಳಕೆ ರಾಗಿ ಹಿಟ್ಟಿನ ದೂರದ ನೆಂಟ. ಅದನ್ನ ಬಿಸಿನೀರಲ್ಲಿ ನೆನೆಹಾಕಿ, ಸಿಹಿ ರಸ ಸೋಸಿ, ಹಾಪ್ಸ್ ಹೂವು ಹಾಕಿ ಒಂದು ಗಂಟೆ ಕುದಿಸ್ತೀವಿ. ಅಲ್ಲಿವರೆಗೂ ಆರಾಮ. ರಸ ಆರಿದ ಮೇಲೆ ಶುರುವಾಗುತ್ತೆ ನೋಡಿ, ನಮ್ಮಜ್ಜಿಯ ಮಡಿ! ಸೌಟು, ಪೈಪು, ಬಕೆಟ್ಟು, ಮುಚ್ಚಳ ಎಲ್ಲಾ ಸ್ಯಾನಿಟೈಸರ್‌ನಲ್ಲಿ ಅದ್ದಿರಬೇಕು. ಯಾಕಂದ್ರೆ ನಾವು ಹಾಕೋ ಯೀಸ್ಟ್‌ಗಿಂತ ಮುಂಚೆ ಬೇರೆ ಯಾವುದೋ ಬ್ಯಾಕ್ಟೀರಿಯಾ ಊಟಕ್ಕೆ ಕೂತ್ರೆ ಇಪ್ಪತ್ತು ಲೀಟರ್ ಹುಳಿನೀರು ಸಿಂಕಿಗೆ.

ಯೀಸ್ಟ್ ಹಾಕಿದ ಮಾರನೇ ದಿನ ಮುಚ್ಚಳದ ಏರ್‌ಲಾಕ್ ಬುಳುಬುಳು ಅನ್ನೋಕೆ ಶುರು. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲು ಮತ್ತು ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ. ಇನ್ನೆಷ್ಟು ಸಕ್ಕರೆ ಉಳಿದಿದೆ ಅಂತ ಹೇಳೋದು ಹೈಡ್ರೋಮೀಟರ್. ಮೊದಲ ದಿನ ನಮ್ಮದು 1.048 ಇತ್ತು. ಹತ್ತನೇ ದಿನ, ಬುಧವಾರ, 1.014. ಗುಳ್ಳೆ ಬಹುತೇಕ ನಿಂತಿತ್ತು. ನನಗೆ ಅವತ್ತೇ ಬಾಟಲಿಗೆ ತುಂಬಿಸೋ ಆಸೆ.

ಪಕ್ಕದ ಮನೆ ತಾತ, ಯಾರ್ಕ್‌ಶೈರಿನ ಹಳೇ ಆಸಾಮಿ, ನೋಡಿ ಅಂದ್ರು: ‘ಲೀವ್ ಇಟ್ ವೈಲ್ ಸ್ಯಾಟರ್ಡೇ.’ ನಾನು ವಾಕ್ಯ ಮುಗೀಲಿ ಅಂತ ಕಾಯ್ತಾ ನಿಂತೆ. ಶನಿವಾರ ಇರೋವಾಗ ಏನು? ಅವರೂ ನನ್ನ ಮುಖ ನೋಡ್ತಾ ನಿಂತ್ರು. ಆಮೇಲೆ ಗೊತ್ತಾಯ್ತು, ಯಾರ್ಕ್‌ಶೈರ್ ಕಡೆ ‘ವೈಲ್’ ಅಂದ್ರೆ ‘ತನಕ’. ‘ನೈನ್ ವೈಲ್ ಫೈವ್’ ಅಂದ್ರೆ ಒಂಬತ್ತರಿಂದ ಐದರ ತನಕ ಕೆಲಸ. ಐಇಎಲ್‌ಟಿಎಸ್‌ಗೆ ಅಷ್ಟು ಓದಿದ್ದೆ, ಇದು ಎಲ್ಲೂ ಬರಲಿಲ್ಲ!

ಕಾಯೋದು ಬರೀ ರುಚಿಗಲ್ಲ. ಸಕ್ಕರೆ ಉಳಿದಿರೋವಾಗ ಮುಚ್ಚಳ ಬಿಗಿದ್ರೆ ಯೀಸ್ಟ್ ಬಾಟಲಿ ಒಳಗೂ ಗ್ಯಾಸ್ ಬಿಡ್ತಾನೇ ಇರುತ್ತೆ. ಒತ್ತಡ ಏರಿ ಗಾಜು ಒಡೆಯುತ್ತೆ. ಹೋಮ್‌ಬ್ರೂ ಮಾಡೋರು ಅದನ್ನ ‘ಬಾಟಲ್ ಬಾಂಬ್’ ಅಂತಾರೆ. ಕಣ್ಣಿನ ವಿಷಯ ಅದು. ಶನಿವಾರ 1.010 ಬಂತು, ಸೋಮವಾರವೂ 1.010. ಎರಡು ಸಲ ಒಂದೇ ಅಂಕಿ ಬಂದ್ರೆ ತುಂಬಿಸಬಹುದು. ಆಲ್ಕೋಹಾಲು ಸುಮಾರು ಶೇ. 5.

ಈಗ ಅಸಲಿ ಗಲಾಟೆ. ತುಂಬಿಸೋವಾಗ ನೊರೆಗೋಸ್ಕರ ಲೆಕ್ಕ ಹಾಕಿ ಸ್ವಲ್ಪ ಸಕ್ಕರೆ ಸೇರಿಸಬೇಕು. ನಮ್ಮ ಇಪ್ಪತ್ತು ಲೀಟರಿಗೆ 120 ಗ್ರಾಂ. ಹುಬ್ಬಳ್ಳಿಯವನು ಅದನ್ನ ನೀರಲ್ಲಿ ಕುದಿಸಿ ಬಕೆಟ್ಟಿಗೆ ಸುರಿದೂ ಆಗಿತ್ತು. ಅಷ್ಟರಲ್ಲಿ ಪುತ್ತೂರಿನವನು ಆಫೀಸಿಂದ ಬಂದು, ‘ಫಸ್ಟ್ ಬಾಟಲಿ ಎಲ್ಲ ತೊಳೆಯುವಾ. ಸಕ್ಕರೆ ಮತ್ತೆ ಹಾಕು’ ಅಂದ. ಮೇಸ್ತ್ರಿ ಮಾತಲ್ವಾ? ಹುಬ್ಬಳ್ಳಿಯವನು ಸುಮ್ನೆ ಇನ್ನೂ 120 ಗ್ರಾಂ ತೂಗೋಕೆ ಶುರು ಮಾಡಿದ.

ನಾನು ಕೇಳಿದೆ, ‘ಎರಡನೇ ಸಲನೂ ಹಾಕ್ಬೇಕೇನ್ಲಾ?’

‘ಎಂತ ಎರಡನೇ ಸಲ?’ ಪುತ್ತೂರಿನವನು ಹಾರಿ ಬಂದು ಪ್ಯಾಕೆಟ್ ಕಿತ್ಕೊಂಡ. ‘ಮತ್ತೆ ಅಂದ್ರೆ ಆಮೇಲೆ ಅಂತ ಮಾರಾಯ!’

‘ನೀನ ಹೇಳಿದೆಲ್ಲೋ, ಮತ್ತ ಹಾಕು ಅಂತ! ನಾ ಏನ್ ಕನಸ ಕಂಡೇನೇನ್? ಮತ್ತ ಅಂದ್ರ ಇನ್ನೊಮ್ಮೆ. ಇಡೀ ಕರ್ನಾಟಕಕ್ಕ ಗೊತ್ತೈತಿ!’

ಇಡೀ ಕರ್ನಾಟಕಕ್ಕೆ ಗೊತ್ತಿಲ್ಲ. ಮಂಗಳೂರು ಸೀಮೆಯಲ್ಲಿ ‘ಮತ್ತೆ ಬರ್ತೇನೆ’ ಅಂದ್ರೆ ಆಮೇಲೆ ಬರ್ತೀನಿ ಅಂತ. ನಮ್ಮ ಕಡೆ ಅದು ಇನ್ನೊಂದು ಸಲ. ಡಬಲ್ ಸಕ್ಕರೆ ಬಿದ್ದಿದ್ರೆ ನಲವತ್ತು ಬಾಟಲಿ ಮೆಟ್ಟಿಲ ಕೆಳಗೆ ಸಿಡಿಯೋಕೆ ಕಾಯ್ತಾ ಇರ್ತಿದ್ವು. ನಾನು ಬದುಕಿರೋದು ಮಂಡ್ಯ ಕನ್ನಡದಿಂದ ಅಂತ ಇಬ್ಬರಿಗೂ ದಿನಾ ನೆನಪಿಸ್ತೀನಿ.

ನಗುವಿನ ಮಧ್ಯೆ ನಾನು ಗಮನಿಸಿದ್ದು ಬೇರೆ. ಹುಬ್ಬಳ್ಳಿಯವನು ಅಷ್ಟು ಜೋರಾಗಿ ತನ್ನ ಕನ್ನಡದಲ್ಲಿ ಜಗಳ ಆಡಿದ್ದು ಅವತ್ತೇ ಮೊದಲು. ಬೆಂಗಳೂರಲ್ಲಿ ಕೆಲಸ ಮಾಡ್ತಿದ್ದಾಗ ಬಾಯಿ ತೆಗೆದ್ರೆ ‘ಒಂದು ಸಿನಿಮಾ ಡೈಲಾಗ್ ಹೊಡಿಯಪ್ಪಾ’ ಅನ್ನೋರಂತೆ. ನಾಲ್ಕು ವರ್ಷ ಟಿವಿ ಕನ್ನಡ ಮಾತಾಡಿದ. ಅವ್ವನ ಫೋನ್ ಬಂದ್ರೆ ಹೊರಗೆ ಹೋಗಿ ಮಾತಾಡ್ತಿದ್ದ. ‘ನೀವ್ ನಕ್ರ ನಾನೂ ನಿಮ್ಮನ್ನ ನೋಡಿ ನಗತೇನಿ, ಅದಕ್ಕ ನಡೀತದ. ಅಲ್ಲೆ ನಾ ಒಬ್ಬನ ಇದ್ದೆ’ ಅಂದ. ಅದಕ್ಕೆ ನಾವಿಬ್ಬರೂ ಏನೂ ಹೇಳಲಿಲ್ಲ. ಮುಚ್ಚಳ ಹಾಕೋ ಕೆಲಸ ಬಾಕಿ ಇತ್ತು.

ಎರಡು ವಾರ ಆದ್ಮೇಲೆ ಮೊದಲ ಬಾಟಲಿ ತೆಗೆದ್ವಿ. ಪುತ್ತೂರಿನವನು ಒಂದು ಗುಟುಕು ಕುಡಿದು ‘ಅಡ್ಡಿಯಿಲ್ಲ’ ಅಂದ. ಹುಬ್ಬಳ್ಳಿಯವನಿಗೆ ಸಿಟ್ಟು: ‘ಇಷ್ಟ ಮಾಡೇವಿ, ಬರೇ ಅಡ್ಡಿಯಿಲ್ಲ ಏನು?’ ಅವನ ಊರಲ್ಲಿ ಅದೇ ದೊಡ್ಡ ಹೊಗಳಿಕೆ ಅಂತ ಅವನು ಆಣೆ ಮಾಡಿದ. ಪಕ್ಕದ ತಾತನಿಗೊಂದು ಬಾಟಲಿ ಕೊಟ್ವಿ. ಅವರು ಗ್ಲಾಸನ್ನ ಬೆಳಕಿಗೆ ಹಿಡಿದು, ಕುಡಿದು, ‘ನಾಟ್ ಬ್ಯಾಡ್’ ಅಂದ್ರು. ಪುತ್ತೂರಿನವನು ನಮ್ಮ ಕಡೆ ತಿರುಗಿ ಹುಬ್ಬು ಹಾರಿಸಿದ.

ಎರಡನೇ ಬ್ಯಾಚಿಗೆ ಸ್ವಲ್ಪ ರಾಗಿ ಸೇರಿಸೋಣ ಅಂತ ನಾನು, ಜೋಳನೇ ಆಗ್ಬೇಕು ಅಂತ ಹುಬ್ಬಳ್ಳಿಯವನು. ಇನ್ನೂ ತೀರ್ಮಾನ ಆಗಿಲ್ಲ. ಪುತ್ತೂರಿನವನನ್ನ ಕೇಳಿದ್ರೆ ‘ಮತ್ತೆ ಹೇಳ್ತೇನೆ’ ಅಂತಾನೆ.