ಕಲಿಯುವುದೂ ಕಾಯಕವೇ



2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತು. ಕಾರ್ಖಾನೆ, ಹೋಟೆಲು, ಅಂಗಡಿಗಳು ನಿಂತವು. ದುಡಿದು ಉಣ್ಣುವವರ ಕೈ ಒಮ್ಮೆಲೇ ಬರಿದಾಯಿತು. ಆಗ ಅನೇಕರ ದೃಷ್ಟಿ ಅಂತರ್ಜಾಲದ ಪಾಠಗಳ ಕಡೆಗೆ ಹರಿಯಿತು. ಅವು ಅಂದು ಹುಟ್ಟಿದವಲ್ಲ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿಯೇ ಎನ್‌ಪಿಟಿಇಎಲ್ ಎಂಬ ಯೋಜನೆಯನ್ನು ಆರಂಭಿಸಿದ್ದವು. ಕೇಂದ್ರ ಸರ್ಕಾರದ ‘ಸ್ವಯಂ’ 2017ರಲ್ಲಿ ಬಂದಿತು. ಅಲ್ಲಿ ಪಾಠ ಕೇಳಲು ಹಣ ಬೇಡ. ಪ್ರಮಾಣಪತ್ರ ಬೇಕೆಂದರೆ ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು. 2020ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಲೋಕದ ಎರಡೂವರೆ ಕೋಟಿ ಜನರಿಗೆ ಹೊಸ ಕುಶಲತೆ ಕಲಿಸುವ ಸಂಕಲ್ಪವನ್ನು ಸಾರಿತು.

ಬಾವಿಯೇನೋ ತುಂಬಿತು. ಸೇದಿ ಕುಡಿದವರೆಷ್ಟು ಮಂದಿ? ಇಂಥ ಪಾಠಗಳಿಗೆ ಹೆಸರು ಬರೆಸುವವರು ಬಹಳ, ಮುಗಿಸುವವರು ವಿರಳ.

ಆ ವರ್ಷ ಹೋಟೆಲಿನ ಕೆಲಸ ಕಳೆದುಕೊಂಡು ಊರಿಗೆ ಮರಳಿದ ಭಕ್ತನೊಬ್ಬ ಮಠಕ್ಕೆ ಬಂದಿದ್ದ. “ಬುದ್ಧೀ, ಕಂಪ್ಯೂಟರಿನಲ್ಲಿ ಅಂಗಡಿಯ ಲೆಕ್ಕ ಇಡುವುದನ್ನು ಕಲಿಯೋಣವೆಂದು ಮೊಬೈಲಿನಲ್ಲಿ ಮೂವತ್ತು ಪಾಠ ನೋಡಿದೆ. ಏನೂ ಹತ್ತಲಿಲ್ಲ. ನನ್ನ ತಲೆಯೇ ಮೊಂಡು” ಎಂದ. “ನಿನ್ನ ಕೈಯಾರೆ ಎಷ್ಟು ಲೆಕ್ಕ ಬರೆದೆಯಪ್ಪಾ?” ಎಂದು ಕೇಳಿದೆವು. ತಲೆ ತಗ್ಗಿಸಿದ. “ಒಂದೂ ಇಲ್ಲ ಬುದ್ಧೀ.”

ತಲೆ ಮೊಂಡಲ್ಲ, ಕ್ರಮ ತಪ್ಪಿತ್ತು. ಶ್ರವಣ, ಮನನ, ನಿದಿಧ್ಯಾಸನ ಎಂದು ಶಾಸ್ತ್ರವು ಮೂರು ಮೆಟ್ಟಿಲುಗಳನ್ನು ಹೇಳುತ್ತದೆ. ಅದು ಹೇಳಿದ್ದು ಆತ್ಮವಿದ್ಯೆಗೆ. ಆದರೆ ಹೊಟ್ಟೆಯ ವಿದ್ಯೆಗೂ ಅದೇ ಕ್ರಮ. ಪಾಠ ನೋಡುವುದು ಶ್ರವಣ ಮಾತ್ರ. ನಿಲ್ಲಿಸಿ ಯೋಚಿಸುವುದು ಮನನ. ತಪ್ಪುತ್ತ, ತಿದ್ದುತ್ತ, ನಿತ್ಯವೂ ಮಾಡುವುದು ಮೂರನೆಯದು. ದಡದಲ್ಲಿ ಕುಳಿತು ನೋಡಿದವನಿಗೆ ಈಜು ಬಂದೀತೆ? ಮರಗೆಲಸ, ಬೆಸುಗೆಯಂಥ ವಿದ್ಯೆಗಳಿಗಂತೂ ಪಾಠ ನೋಡಿದ ಮೇಲೂ ಬಲ್ಲವರ ಪಕ್ಕದಲ್ಲಿ ನಿಂತು ಕೈ ಪಳಗಿಸಲೇಬೇಕು.

ಆದರೆ ತಪ್ಪನ್ನೆಲ್ಲ ಅವನ ಮೇಲೆಯೇ ಹೊರಿಸುವುದು ಅನ್ಯಾಯ. ಮನೆಗೆಲ್ಲ ಒಂದೇ ಮೊಬೈಲು. ಅಂದು ಶಾಲೆ ಮುಚ್ಚಿ, ಮಕ್ಕಳ ಪಾಠವೂ ಅದರಲ್ಲಿಯೇ. ಪಾಠವೋ ಬಹುಪಾಲು ಇಂಗ್ಲಿಷಿನಲ್ಲಿ. ಸಂಶಯ ಬಂದರೆ ಕೇಳಲು ಹತ್ತಿರ ಯಾರೂ ಇಲ್ಲ. ಇಷ್ಟು ಸಾಲದೆಂದು ಮನೆಯವರು, “ದುಡಿಮೆ ಇಲ್ಲ, ಹಗಲೆಲ್ಲ ಮೊಬೈಲು” ಎಂದು ಜರೆಯುತ್ತಿದ್ದರಂತೆ. ನಲವತ್ತರ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗಲು ಎಷ್ಟು ಧೈರ್ಯ ಬೇಕು! ಆ ಧೈರ್ಯವನ್ನು ಮಾತಿನಿಂದ ಕೊಲ್ಲಬೇಡಿ.

ಆ ಭಕ್ತನಿಗೆ ಊರಿನ ಕಿರಾಣಿ ಅಂಗಡಿಯವರು ತಮ್ಮ ಹಳೆಯ ಚೀಟಿಗಳನ್ನು ಕೊಟ್ಟರು. ಕಾಲೇಜು ಓದುವ ಹುಡುಗಿಯೊಬ್ಬಳು ತನ್ನ ಕಂಪ್ಯೂಟರಿನಲ್ಲಿ ಸಂಜೆ ಒಂದು ಗಂಟೆ ಕೂರಿಸಿಕೊಂಡು ತಿದ್ದಿದಳು. ನಾಲ್ಕು ತಿಂಗಳಿಗೆ ಅದೇ ಅಂಗಡಿಯ ಲೆಕ್ಕ ಅವನ ಕೈಗೆ ಬಂದಿತು.

ಕೆಲಸ ಹೋಗುವುದು ಅವಮಾನವಲ್ಲ. ಕಲಿಯುವುದೂ ಕಾಯಕವೇ. ಕಲಿಯುವವನಿಗೆ ಒಂದು ಗಂಟೆ, ಒಂದು ಮೂಲೆ, ಒಂದು ತುತ್ತು ಕೊಡುವುದು ದಾಸೋಹವೇ. ನಿಮ್ಮ ಓಣಿಯಲ್ಲಿ ಅಂಥವರು ಯಾರಿದ್ದಾರೆಂದು ಇಂದು ಮನೆಗೆ ಹೋಗುವಾಗ ನೋಡಿಕೊಂಡು ಹೋಗಿರಿ.

ಎಲ್ಲರಿಗೂ ಮಂಗಳವಾಗಲಿ.